ನಾಲ್ಕು ಬೆರಳಿನ ಮಡಿಕೆ

ಹೊಲಿಗೆ ಯಂತ್ರದ ಮರದ ಪೆಟ್ಟಿಗೆ ರಿಪೇರಿ ಮಾಡುವ ‘ಪೆಟ್ಟಿಗೆ ಅಜ್ಜಿ’ಗೆ ಶತ್ರುಗಳು ಬಹಳ. ಮೊದಲನೆಯ ಶತ್ರು ಮರ ಕೊರೆಯುವ ಹುಳು. ಎರಡನೆಯದು ಗೋಡೆಯಿಂದ ಇಳಿಯುವ ತೇವ. ಮೂರನೆಯವರು ಹಳೆಯ ಹೊಲಿಗೆ ಯಂತ್ರದ ಪೆಟ್ಟಿಗೆಯ ಮೇಲೆ ಟಿ.ವಿ. ಕೂರಿಸುವವರು. ನಾಲ್ಕನೆಯವರು ಅದರ ಮೇಲೆ ಹೂಕುಂಡ ಇಟ್ಟು ದಿನಾ ನೀರು ಹೊಯ್ಯುವವರು. ಇವರಿಗೆ ಅಜ್ಜಿಯ ನ್ಯಾಯಾಲಯದಲ್ಲಿ ಕ್ಷಮೆಯೇ ಇಲ್ಲ. ಇಂಥವರೊಬ್ಬರು ಪೆಟ್ಟಿಗೆ ತಂದು ಬಾಗಿಲಲ್ಲಿ ಇಳಿಸಿದರೆ, ಅಜ್ಜಿ ಮುಚ್ಚಳದ ಮೇಲಿನ ಕಪ್ಪು ವೃತ್ತವನ್ನು ಬೆರಳಿನಿಂದ ಒಂದು ಸುತ್ತು ಸವರಿ, ಕನ್ನಡಕದ ಮೇಲಿಂದ ನೋಡಿ, “ಗಿಡ ಚೆನ್ನಾಗಿದೆಯಾ?” ಎಂದು ಕೇಳುತ್ತಿದ್ದಳು. ಅಷ್ಟರಲ್ಲೇ ಎದುರಿಗಿದ್ದವರು ಇಷ್ಟಿಷ್ಟೇ ಆಗಿಬಿಡುತ್ತಿದ್ದರು.

ಯುದ್ಧಭೂಮಿ ಇದ್ದದ್ದು ಮನೆಯ ಕೆಳಗಿನ ಶೆಡ್ಡಿನಲ್ಲಿ. ಹಿಂದೆ ಯಾರೋ ಕಾರು ನಿಲ್ಲಿಸುತ್ತಿದ್ದ ಜಾಗ. ಅರ್ಧಕ್ಕೇ ನಿಲ್ಲುವ ಷಟರ್, ನೆಲದಲ್ಲಿ ಹಳೆಯ ಎಣ್ಣೆಯ ಕಲೆ, ಸಾಲಾಗಿ ನಾಲ್ಕು ಪೆಟ್ಟಿಗೆಗಳು. ಒಂದರ ಕೀಲು ಕಳಚಿದೆ, ಒಂದರ ಡ್ರಾಯರ್ ಊದಿಕೊಂಡು ಬಾಯಿ ಬಿಡುತ್ತಿಲ್ಲ, ಒಂದರ ಮೇಲಿನ ತೆಳು ಮರದ ಹಾಳೆ ಬೆಂದ ಚರ್ಮದ ಹಾಗೆ ಎದ್ದಿದೆ. ಅಜ್ಜಿ ಬೆಳಿಗ್ಗೆ ಬಂದು ಒಂದೊಂದರ ಬೆನ್ನನ್ನೂ ತಟ್ಟಿ, ಸದ್ದು ಕೇಳಿ, ಆಮೇಲೆ ಉಳಿ, ಉಪ್ಪುಕಾಗದ, ಅರಗಿನ ಪಾಲಿಶು ಹಿಡಿದು ಕೂರುತ್ತಿದ್ದಳು.

ಗಂಡ ಬದುಕಿದ್ದಾಗ ರಿಪೇರಿಯಲ್ಲಿ ಯಂತ್ರದ ತಲೆ ಅವನದು, ಮರದ ಮೈ ಇವಳದು. “ನಮ್ಮ ಸಂಸಾರದಲ್ಲೂ ಹಾಗೇ, ತಲೆ ನಂದು” ಎಂದು ಅವನು ಬಂದ ಗಿರಾಕಿಗಳಿಗೆಲ್ಲ ಹೇಳುವುದು. “ಹೌದೌದು, ಬಿಚ್ಚಿ ನೋಡಿ, ಒಳಗೆ ಬರೀ ಜಿಡ್ಡು” ಎಂದು ಇವಳು ಪೆಟ್ಟಿಗೆಯೊಳಗಿನಿಂದಲೇ ಕೂಗುವುದು. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ಬಾಬಿನ್ನನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದವನು ಹಾಗೆಯೇ ಕೂತಲ್ಲೇ ಹೋದ. ಅಲ್ಲಿಂದ ಅಜ್ಜಿಯ ಕೈಗೆ ಬರುವುದೆಲ್ಲ ತಲೆಯಿಲ್ಲದ ಮೈಗಳೇ. ಹೊಲಿಯುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಚೆಂದಕ್ಕೊಂದು ಮೇಜು ಬೇಕು, ಅಷ್ಟೆ.

ಪೆಟ್ಟಿಗೆಗಳ ವಿಷಯದಲ್ಲಿ ಅಜ್ಜಿಗೊಂದು ಕಟ್ಟುನಿಟ್ಟಾದ ನಿಯಮವಿತ್ತು. ಎದುರಿಗೆ ಮರ ಕಿತ್ತುಹೋಗಿದ್ದರೆ ಅಲ್ಲಿಗೆ ಹೊಸ ಮರ ತರುವ ಹಾಗಿಲ್ಲ. ಅದೇ ಪೆಟ್ಟಿಗೆಯ ಹಿಂಭಾಗದಲ್ಲೋ ಹೊಟ್ಟೆಯಡಿಯಲ್ಲೋ, ಯಾರ ಕಣ್ಣಿಗೂ ಬೀಳದ ಕಡೆಯಿಂದ ಒಂದು ತುಂಡು ಸೀಳಿ, ಗೆರೆಗೆ ಗೆರೆ ಕೂಡಿಸಿ ಕೂರಿಸಬೇಕು. ಕೆಲಸವೆಲ್ಲ ಮುಗಿದ ಮೇಲೆ, ಹೊಲಿಗೆಯಲ್ಲಿ ಉಳಿದ ಬಟ್ಟೆಯ ಚೂರುಗಳನ್ನು ಮೈದಾ ಅಂಟಿನಿಂದ ಡ್ರಾಯರಿನ ತಳಕ್ಕೆ ಹಚ್ಚಿ ಕೊಡುತ್ತಿದ್ದಳು. ಅದು ಅಜ್ಜಿಯ ರುಜು.

ಹೊಲಿಗೆಯ ನಿಯಮ ಇದಕ್ಕಿಂತ ಕಟ್ಟುನಿಟ್ಟು. ಬೆಳೆಯುವ ಮಕ್ಕಳ ಬಟ್ಟೆ ಯಾವುದೇ ಇರಲಿ, ಅಂಚಿನೊಳಗೆ ನಾಲ್ಕು ಬೆರಳಿನ ಮಡಿಕೆ ಇರಬೇಕು. ಶಾಲೆ ಶುರುವಾಗುವ ವಾರ ಮಗುವನ್ನು ಮರದ ಸ್ಟೂಲಿನ ಮೇಲೆ ನಿಲ್ಲಿಸಿ, ಕತ್ತಿನಿಂದ ಮಂಡಿಯವರೆಗೆ ಟೇಪು ಹಿಡಿದು, ಮಡಿಕೆಯಲ್ಲಿ ಒಂದು ಬೆರಳಗಲ ಬಿಚ್ಚಿ ಬಿಡಬೇಕು. ಮುಂದಿನ ವರ್ಷ ಇನ್ನೊಂದು. ಹಳೆಯ ಮಡಿಕೆಯ ಗೆರೆಗಳು ಬಟ್ಟೆಯ ಮೇಲೆ ಹಾಗೇ ಉಳಿಯುತ್ತವೆ. ಅಜ್ಜಿಯ ಒಬ್ಬಳೇ ಮಗಳು ಶಾಲೆಗೆ ಹೋಗುವಾಗ ಅವಳ ಲಂಗದ ಮೇಲಿನ ಗೆರೆ ಎಣಿಸಿ ಗೆಳತಿಯರು “ಮೆಟ್ಟಿಲು” ಎಂದು ಹೆಸರಿಟ್ಟಿದ್ದರು. ಮಗಳು ಮನೆಗೆ ಬಂದು ಅತ್ತು ರಂಪ ಮಾಡಿದರೆ ತಾಯಿಯದು ಒಂದೇ ಮಾತು: “ನೀನು ಬೆಳೀತೀಯ ಅಂತ ನಂಗೆ ಗೊತ್ತಿದೆ. ಅದಕ್ಕೂ ಅಳ್ತಾರೇನೇ?”

ಆ ಮೆಟ್ಟಿಲು ಈಗ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ, ಎರಡು ಹೆಣ್ಣುಮಕ್ಕಳ ತಾಯಿ. ದೊಡ್ಡವಳಿಗೆ ಹನ್ನೊಂದು. ಬಾಯಿ ಥೇಟ್ ಅಜ್ಜಿಯದು. ಚಿಕ್ಕವಳಿಗೆ ಏಳು. ಹುಟ್ಟಿದಾಗ ನೂಲಿನ ಉಂಡೆಯ ಹಾಗೆ ಗುಂಡಗಿದ್ದಳೆಂದು ತಾತ ಅವಳನ್ನು “ಉಂಡೆ” ಎಂದು ಕರೆದ. ಐದನೆಯ ವರ್ಷಕ್ಕೆ ಉಂಡೆಯ ಎರಡೂ ಕಿಡ್ನಿ ಕೈಕೊಟ್ಟವು. ನೂಲು ಬಿಚ್ಚಿಕೊಳ್ಳುತ್ತಾ ಬಂತು. ಈಗ ಅವಳಲ್ಲಿ ಗುಂಡಗಿದ್ದದ್ದು ಕಣ್ಣುಗಳು ಮಾತ್ರ. ಹೆಸರನ್ನು ಬದಲಾಯಿಸುವ ಧೈರ್ಯ ಯಾರಿಗೂ ಬರಲಿಲ್ಲ.

ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಕುತ್ತಿಗೆಯ ಕೆಳಗೆ, ಎದೆಯ ಬಲಕ್ಕೆ ಒಂದು ನಳಿಕೆ. ತಾಯಿಯ ಕಿಡ್ನಿ ಹೊಂದಲಿಲ್ಲ, ತಂದೆಯದೂ ಹೊಂದಲಿಲ್ಲ. ಅಜ್ಜಿ ಡಾಕ್ಟರ ಮುಂದೆ ಹೋಗಿ ನಿಂತು, “ನಂದು ತಗೊಳ್ಳಿ. ಪಾಲಿಶ್ ಹೋಗಿದೆ ಅಷ್ಟೆ, ಒಳಗೆ ಮರ ಗಟ್ಟಿಯಾಗಿದೆ” ಎಂದಳು. ಡಾಕ್ಟರಮ್ಮ ನಕ್ಕರು. ಪರೀಕ್ಷೆಯಾದ ಮೇಲೆ ನಗಲಿಲ್ಲ. ಮರಕ್ಕೂ ಹುಳು ಹಿಡಿದಿತ್ತು. ಉಳಿದದ್ದು ಕಾಯುವ ಪಟ್ಟಿಯಲ್ಲಿ ಹೆಸರು ಬರೆಸುವುದು. ಡಾಕ್ಟರಮ್ಮನ ಕಡತದಲ್ಲಿ ಮಕ್ಕಳ ಎತ್ತರದ ನಕ್ಷೆಯೊಂದಿತ್ತು. ಬೇರೆ ಮಕ್ಕಳ ಗೆರೆ ಗುಡ್ಡ ಹತ್ತಿದ ಹಾಗೆ ಮೇಲೆ ಹೋದರೆ, ಉಂಡೆಯ ಗೆರೆ ಬಯಲಿನ ರಸ್ತೆಯ ಹಾಗೆ ಮಲಗಿತ್ತು. “ಈ ಕಾಯಿಲೆಯಲ್ಲಿ ಬೆಳವಣಿಗೆ ನಿಲ್ಲೋದೂ ಉಂಟು. ಒಂದು ವರ್ಷ ನೋಡೋಣ” ಎಂದರು. ನೋಡೋಣ ಎಂಬ ಮಾತನ್ನು ಮಗಳು ಎದೆಗವಚಿಕೊಂಡು ಮನೆಗೆ ಬಂದಳು.

ಹೀಗಿರುವಾಗ ಅಜ್ಜಿ ಇಬ್ಬರು ಮೊಮ್ಮಕ್ಕಳಿಗೂ ಒಂದೊಂದು ಫ್ರಾಕು ಹೊಲಿಯಲು ಹೊರಟಳು. ಉಂಡೆಯದಕ್ಕೆ ಕಡುನೀಲಿ ಬಟ್ಟೆ, ಅದರ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕೆ. ಆ ಫ್ರಾಕಿನ ಬಲಭುಜದಲ್ಲಿತ್ತು ಅಜ್ಜಿಯ ಮಹಾಸಾಹಸ: ಭುಜದಿಂದ ಎದೆಯವರೆಗೆ ತೆರೆದುಕೊಳ್ಳುವ ಒಂದು ಬಾಗಿಲು, ಅದಕ್ಕೆ ಆರು ಟಿಚ್ ಬಟನ್, ಒಳಗೆ ಚರ್ಮಕ್ಕೆ ತಾಗದ ಹಾಗೆ ಮೆತ್ತನೆಯ ಪಟ್ಟಿ. ನರ್ಸು ಬಂದರೆ ಟಿಚ್ ಟಿಚ್ ಎಂದು ಬಿಚ್ಚಿದರಾಯಿತು. ಮಗು ಇಡೀ ಬಟ್ಟೆ ಕಳಚಿ ನಡುಗುತ್ತಾ ಕೂರಬೇಕಿಲ್ಲ. ಮೂರು ದಿನ ಅಜ್ಜಿ ಆ ಭುಜದಲ್ಲೇ ವಾಸ ಮಾಡಿದಳು. ಎರಡು ಸಲ ಬಿಚ್ಚಿ ಹೊಲಿದಳು. ಕೊನೆಗೆ ಮೇಜಿನ ಮೇಲೆ ನೋಡಿದರೆ ಎಂದೂ ಇಲ್ಲದಷ್ಟು ಬಟ್ಟೆ ಮಿಕ್ಕಿತ್ತು. “ಆಹಾ! ಅರವತ್ತೇಳಕ್ಕೆ ನನ್ನ ಕತ್ತರಿ ಪಳಗಿತು ನೋಡು” ಎಂದು ಗೋಡೆಯ ಮೇಲಿನ ಗಂಡನ ಫೋಟೋಗೆ ಹೇಳಿ, ಆ ಬಟ್ಟೆಯನ್ನು ಕತ್ತರಿಸಿ, ಅಂದೇ ಒಬ್ಬ ಹಲ್ಲಿನ ಡಾಕ್ಟರಿಗೆ ಕಳಿಸಬೇಕಿದ್ದ ಪೆಟ್ಟಿಗೆಯ ಡ್ರಾಯರುಗಳಿಗೆ ಹಚ್ಚಿದಳು.

ಭಾನುವಾರ ಮಗಳು ಅಳಿಯ ಮಕ್ಕಳೊಂದಿಗೆ ಬಂದರು. ಉಂಡೆ ಫ್ರಾಕು ತೊಟ್ಟು ಭುಜದ ಬಾಗಿಲನ್ನು ತೆಗೆದಳು, ಹಾಕಿದಳು, ತೆಗೆದಳು.

“ಯಾರಿದ್ದೀರಿ ಒಳಗೆ?” ಎಂದು ಅಕ್ಕ ಟಿಚ್ ಬಟನ್ನಿನ ಮೇಲೆ ಬೆರಳು ಬಡಿದಳು.

“ಬಾಡಿಗೆಯವರಿಲ್ಲ, ಆಮೇಲೆ ಬನ್ನಿ” ಎಂದಳು ಉಂಡೆ.

ಅಳಿಯ ಕೂಡ ನಕ್ಕ. ವ್ಯಾನು ಓಡಿಸುವ ಆ ಮನುಷ್ಯ ನಗದೆ ಎಷ್ಟೋ ತಿಂಗಳಾಗಿತ್ತು. ಮಗಳು ನಗುತ್ತಲೇ ಮಂಡಿಯೂರಿ ಫ್ರಾಕಿನ ಅಂಚನ್ನು ಸರಿಮಾಡಲು ಹೋದಳು. ಬಾಲ್ಯದ ಅಭ್ಯಾಸ, ಅವಳ ಹೆಬ್ಬೆರಳು ತಾನಾಗಿ ಅಂಚಿನೊಳಗೆ ಸರಿಯಿತು. ಅಲ್ಲೇ ನಿಂತಿತು. ಒಂದು ಸುತ್ತು ಪೂರ್ತಿ ತಡವಿದಳು. ಅಂಚು ಉಗುರಿನಗಲ ಮಾತ್ರ ಮಡಚಿತ್ತು.

“ಅಮ್ಮ, ಮಡಿಕೆ ಎಲ್ಲಿ?”

“ಒಳಗಿರುತ್ತೆ ನೋಡೇ.”

“ಒಳಗಿಲ್ಲ.”

ಅಜ್ಜಿ ಬಂದು ಕನ್ನಡಕ ಇಳಿಸಿ, ಏರಿಸಿ ನೋಡಿದಳು. ಇರಲಿಲ್ಲ. ಮಗಳು ಎದ್ದು ದೊಡ್ಡವಳ ಹೊಸ ಫ್ರಾಕಿನ ಅಂಚನ್ನು ಮಗುಚಿದಳು. ಅದೇ ವಾರ, ಅದೇ ಮೇಜಿನ ಮೇಲೆ ಕತ್ತರಿಸಿದ ಬಟ್ಟೆ. ಅದರಲ್ಲಿ ನಾಲ್ಕು ಬೆರಳು, ಇಸ್ತ್ರಿ ಹಾಕಿ ಕೂರಿಸಿದ ಹಾಗೆ, ಭದ್ರವಾಗಿತ್ತು.

“ಇವಳಿಗಿದೆ. ಅವಳಿಗಿಲ್ಲ.”

“ಭುಜದಲ್ಲೇ ಮುಳುಗಿಹೋಗಿದ್ದೆ ಕಣೇ. ಮರೆತೆ.”

“ನಲವತ್ತು ವರ್ಷ ಮರೀದೇ ಇದ್ದವಳು ಈಗ ಮರೆತೆಯಾ? ಇವಳದ್ದೇ ಮರೆತೆಯಾ?”

“ಬಟ್ಟೆ ಅಲ್ವೇನೇ, ಹೊಲಿದ್ರಾಯ್ತು...”

“ಡಾಕ್ಟ್ರು ಕೂಡ ಇನ್ನೂ ಬಾಯಿಬಿಟ್ಟು ಹೇಳಿಲ್ಲ ಅಮ್ಮ. ನೀನು ಕತ್ತರಿಯಲ್ಲಿ ಹೇಳಿಬಿಟ್ಟೆ.”

ಮಗಳು ಉಂಡೆಯ ಭುಜದ ಆರು ಗುಂಡಿಗಳನ್ನೂ ಬಿಚ್ಚಿ, ಫ್ರಾಕು ಕಳಚಿ, ಯಂತ್ರದ ಮೇಲಿಟ್ಟು, ಹಳೆಯ ಬಟ್ಟೆ ತೊಡಿಸಿದಳು. “ನಂಗೆ ಅದೇ ಬೇಕು” ಎಂದು ಉಂಡೆ ಮುಖ ಊದಿಸಿಕೊಂಡಳು. ಒಲೆಯ ಮೇಲೆ ಚಹಾ ಕುದಿಯುತ್ತಲೇ ಇತ್ತು. ಅವರು ಮೆಟ್ಟಿಲಿಳಿದು ಹೋದರು.

ಮೂರು ವಾರ ಯಾರೂ ಬರಲಿಲ್ಲ. ಅಜ್ಜಿ ಫೋನು ಮಾಡಿದರೆ ಅಳಿಯನೇ ಎತ್ತುತ್ತಿದ್ದ. “ಸ್ವಲ್ಪ ದಿನ ಹೋಗ್ಲಿ ಅತ್ತೆ. ಅವಳಿಗೆ ನಿಮ್ಮ ಮೇಲೆ ಸಿಟ್ಟಲ್ಲ. ನಿಮಗೇನಾದ್ರೂ ಗೊತ್ತಾಗಿಬಿಟ್ಟಿದೆಯಾ ಅಂತ ಹೆದರಿಕೆ.”

ಆ ಹೆದರಿಕೆ ಅಜ್ಜಿಗೂ ಇತ್ತು. ಹುಳುವನ್ನು, ತೇವವನ್ನು, ಹೂಕುಂಡದ ಸೈನ್ಯವನ್ನು ಎದುರಿಸಿದ ವೀರಮಾತೆ ತನ್ನ ಬಲಗೈಯನ್ನು ಮುಂದಿಟ್ಟುಕೊಂಡು ಕಳ್ಳನನ್ನು ವಿಚಾರಿಸುವ ಹಾಗೆ ವಿಚಾರಿಸಿದಳು. ಮರೆತದ್ದೋ? ಸೀಮೆಸುಣ್ಣದಲ್ಲಿ ಗೆರೆ ಎಳೆದದ್ದು ನೆನಪಿತ್ತು. ಗೆರೆಯ ಕೆಳಗೆ ನಾಲ್ಕು ಬೆರಳು ಅಳೆದಿದ್ದಳೋ ಇಲ್ಲವೋ ನೆನಪಿರಲಿಲ್ಲ. ಕತ್ತರಿ ಮಾತ್ರ ಗೆರೆಯ ಮೇಲೇ ನೆಟ್ಟಗೆ, ಎಲ್ಲೂ ತಡವರಿಸದೆ ಹೋಗಿತ್ತು. ಕೈ ಏನನ್ನೂ ಒಪ್ಪಿಕೊಳ್ಳಲಿಲ್ಲ. ಎತ್ತರದ ಆ ನಕ್ಷೆಯನ್ನು ಆಸ್ಪತ್ರೆಯಲ್ಲಿ ಅಜ್ಜಿಯೂ ನೋಡಿದ್ದಳು ತಾನೆ. ಕಣ್ಣು ನೋಡಿದ್ದು ಕೈಗೆ ಹೇಗೆ ಮುಟ್ಟಿತೋ ಯಾರು ಬಲ್ಲರು.

ನಾಲ್ಕನೆಯ ವಾರದ ಸೋಮವಾರ ಅಜ್ಜಿ ಬಟ್ಟೆ ಅಂಗಡಿಗೆ ಹೋದಳು. ಆ ನೀಲಿ ಬಟ್ಟೆಯ ಥಾನು ಮುಗಿದಿತ್ತು. “ಇದೇ ಥರದ್ದು ಬೇರೆ ಇದೆ ನೋಡಿ” ಎಂದು ಅಂಗಡಿಯವನು ಬಿಚ್ಚಿ ತೋರಿಸಿದ. ಚುಕ್ಕೆ ಸಾಸಿವೆಯಿಂದ ಮೆಣಸಿನ ಗಾತ್ರಕ್ಕೆ ಬೆಳೆದಿತ್ತು. ಅಂಗಡಿಯ ಮೆಟ್ಟಿಲ ಮೇಲೆ ನಿಂತಾಗ ಅಜ್ಜಿಗೆ ತಟ್ಟನೆ ಹೊಳೆಯಿತು: ಅಂದು ಮಿಕ್ಕ ಬಟ್ಟೆ! ಕತ್ತರಿ ಪಳಗಿತೆಂದು ಮೆರೆದದ್ದು, ಆ ಉದ್ದದ ಪಟ್ಟಿ, ಅದೇ ಮಡಿಕೆ. ಅದು ಎಲ್ಲಿಗೂ ಹೋಗಿಲ್ಲ. ಹಲ್ಲಿನ ಡಾಕ್ಟರ ಡ್ರಾಯರಿನಲ್ಲಿದೆ.

ಮಂಗಳವಾರ ಬೆಳಿಗ್ಗೆ ದಂಡಯಾತ್ರೆ ಹೊರಟಿತು. ಸೈನ್ಯ: ಒಬ್ಬ ಅಜ್ಜಿ. ಆಯುಧ: ಒಂದು ಫ್ಲಾಸ್ಕು ಬಿಸಿನೀರು, ಒಂದು ಮೊಂಡು ಚಾಕು, ಎರಡು ಟವೆಲು. ವಾಹನ: ಕೂರಲು ಜಾಗವಿಲ್ಲದ ಬಸ್ಸು. ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಪೆಟ್ಟಿಗೆ ಅರಗಿನ ಪಾಲಿಶಿನಲ್ಲಿ ಹೊಳೆಯುತ್ತಾ ಕೂತಿತ್ತು. ಮೇಲೆ ಹೂಕುಂಡ ಇರಲಿಲ್ಲ, ಡಾಕ್ಟರ ಪುಣ್ಯ.

“ಯಾವ ಹಲ್ಲು ನೋವು ಅಜ್ಜಿ?” ಎಂದಳು ಚೀಟಿ ಬರೆಯುವ ಹುಡುಗಿ.

“ಇದ್ದರೆ ತಾನೆ ನೋಯೋದು. ನಾನು ಪೆಟ್ಟಿಗೆಗೆ ಬಂದವಳು.”

ಹುಡುಗಿ ಒಳಗೆ ಹೋಗಿ ಹೇಳುವಷ್ಟರಲ್ಲಿ ಅಜ್ಜಿ ಮೊದಲ ಡ್ರಾಯರು ಎಳೆದಾಗಿತ್ತು. ಒಳಗೆ, ಕಡುನೀಲಿ ಬಟ್ಟೆಯ ಮೇಲೆ, ರೋಗಿಗಳ ಅಳತೆಗೆ ತೆಗೆದ ಬಿಳಿ ಅಚ್ಚಿನ ದವಡೆಗಳು ಸಾಲಾಗಿ ಹಲ್ಲು ಕಿರಿದುಕೊಂಡಿದ್ದವು. ಅಜ್ಜಿ ಒಂದೊಂದನ್ನೇ ಎತ್ತಿ ಬೆಂಚಿನ ಮೇಲೆ ಇಟ್ಟಳು. ಅಲ್ಲಿ ಕೆನ್ನೆ ಹಿಡಿದು ಕೂತಿದ್ದ ಒಬ್ಬಾತ ಸ್ವಲ್ಪ ಸರಿದು ಕೂತ. ಎಂಟನೆಯ ದವಡೆ ಬರುವ ಹೊತ್ತಿಗೆ ಆತ ಎದ್ದೇ ನಿಂತ.

ಡಾಕ್ಟರು ಕೈಗವಸಿನಲ್ಲೇ ಹೊರಗೆ ಬಂದರು. “ಏನಮ್ಮ ಇದು? ಕೆಲಸದಲ್ಲಿ ಏನಾದ್ರೂ ಲೋಪವಾ?”

“ಲೋಪ ಪೆಟ್ಟಿಗೇದಲ್ಲ, ನಂದು. ಈ ಬಟ್ಟೆ ನಂಗೆ ವಾಪಸ್ ಬೇಕು. ನಿಮಗೆ ಬೇರೆ ಹಚ್ಚಿಕೊಡ್ತೀನಿ, ಇದಕ್ಕಿಂತ ಚೆಂದದ್ದು.”

“ಅಂಗಡೀಲಿ ಹೊಸ ಬಟ್ಟೆ ಸಿಗಲ್ವಾ?”

“ಸಿಗುತ್ತೆ ಡಾಕ್ಟ್ರೇ. ಆದರೆ ಇದು ನಾನೇ ಕತ್ತರಿಸಿ ತೆಗೆದದ್ದು, ಮೊಮ್ಮಗಳ ಫ್ರಾಕಿನಿಂದ. ಇದನ್ನೇ ಅಲ್ಲಿಗೆ ಹಾಕ್ಬೇಕು.”

ಡಾಕ್ಟರಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ ಅಜ್ಜಿಯ ಮುಖ ನೋಡಿ ಕೈಗವಸು ಕಳಚಿ ಇನ್ನೊಂದು ಡ್ರಾಯರಿನ ದವಡೆಗಳನ್ನು ತಾವೇ ಎತ್ತಿಟ್ಟರು. ಬಿಸಿನೀರಿನ ಟವೆಲು ಹಾಸಿ ಕಾದರೆ ಮೈದಾ ಅಂಟು ಮೆತ್ತಗಾಗಿ ಬಿಡುತ್ತದೆ. ಅಜ್ಜಿ ಮೊಂಡು ಚಾಕುವಿನಲ್ಲಿ ಗಾಯದ ಪಟ್ಟಿ ಬಿಡಿಸುವ ಹಾಗೆ ಬಿಡಿಸಿದಳು. ಐದು ತುಂಡು ಬಂತು. ಮನೆಗೆ ತಂದು ಮೂರು ನೀರಿನಲ್ಲಿ ತೊಳೆದರೂ ಲವಂಗದೆಣ್ಣೆಯ ವಾಸನೆ ಮಾತ್ರ ಹೋಗಲಿಲ್ಲ.

ತೆಳು ಮರದ ಗೆರೆ ಕೂಡಿಸುವ ಹಾಗೆಯೇ ಅಜ್ಜಿ ಚುಕ್ಕೆಗೆ ಚುಕ್ಕೆ ಕೂಡಿಸಿ ಐದು ತುಂಡನ್ನು ಒಂದು ಪಟ್ಟಿ ಮಾಡಿದಳು. ಅದನ್ನು ಫ್ರಾಕಿನ ಅಂಚಿಗೆ ಸೇರಿಸಿ, ಒಳಕ್ಕೆ ಮಡಚಿ, ಕೈಹೊಲಿಗೆ ಹಾಕಿದಳು. ಹೊಲಿಯುವಾಗ ಕೈಯ ಮೇಲೆ ಕಣ್ಣಿಟ್ಟೇ ಇದ್ದಳು.

ಬುಧವಾರ ಆಸ್ಪತ್ರೆ. ಉದ್ದನೆಯ ಹಾಲಿನಲ್ಲಿ ಹತ್ತು ಮಂಚ, ಹತ್ತು ಯಂತ್ರ, ಎಲ್ಲದರ ತಲೆಯೂ ತಿರುಗುತ್ತಿತ್ತು. ಕಿಟಕಿ ಪಕ್ಕದ ಮಂಚದಲ್ಲಿ ಉಂಡೆ ನಿದ್ದೆ ಹೋಗಿದ್ದಳು. ಅಜ್ಜಿ ಫ್ರಾಕನ್ನು ಮಗಳ ಮಡಿಲಲ್ಲಿಟ್ಟಳು. ಮಗಳು ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಅಂಚು ಮಗುಚಿ ನಾಲ್ಕು ಬೆರಳು ಒತ್ತಿ ಇಟ್ಟು ನೋಡಿದಳು. ಸರಿಯಾಗಿತ್ತು. ಸಂದುಗಳನ್ನು ಎಣಿಸಿದಳು.

“ಏನಿದು ವಾಸನೆ?”

“ಲವಂಗದೆಣ್ಣೆ. ಹಲ್ಲಿನ ಡಾಕ್ಟ್ರ ಡ್ರಾಯರಲ್ಲಿತ್ತು. ಮೇಲೆ ಜನರ ದವಡೆಗಳು ಕೂತಿದ್ವು, ಎಬ್ಬಿಸಿ ತಂದೆ.”

ಮಗಳ ತುಟಿಯ ಒಂದು ಮೂಲೆ ನಗಲು ಹೊರಟು ನಿಂತಿತು. “ಇದನ್ನ ನಂಬಿ ಹೊಲಿದೆಯಾ, ನಾನು ಅಂದಿದ್ದಕ್ಕೆ ಹೊಲಿದೆಯಾ?”

ಅಜ್ಜಿ ಸುಳ್ಳು ಹೇಳಬಹುದಿತ್ತು. “ನೀನು ಅಂದಿದ್ದಕ್ಕೆ ಶುರು ಮಾಡ್ದೆ. ನಂಬಿಕೆ ನಂಗೆ ದಿನಾ ಇರಲ್ಲ ಕಣೇ. ನಿಂಗಿರುತ್ತಾ?”

ಮಗಳು ಫ್ರಾಕನ್ನು ಮಡಚಿ ಮಡಿಲಲ್ಲೇ ಇಟ್ಟುಕೊಂಡಳು. ಉಂಡೆ ಎದ್ದ ಮೇಲೆ, ನರ್ಸು ನಳಿಕೆ ಮುಚ್ಚಿದ ಮೇಲೆ, ಫ್ರಾಕು ತೊಡಿಸಿ ಭುಜದ ಬಾಗಿಲು ಹಾಕಿದಳು. ಉಂಡೆ ಮೂಸಿ ನೋಡಿ, “ಅಜ್ಜಿ, ಈ ಫ್ರಾಕಿಗೆ ಹಲ್ಲು ನೋವು ಬಂದಿತ್ತಾ?” ಎಂದಳು.

ಆ ವರ್ಷ ಹೀಗೇ ಹೋಯಿತು. ಕಿಡ್ನಿಗೆ ಕಾಯುವ ಪಟ್ಟಿಯಲ್ಲಿ ಹೆಸರು ಮೇಲೆ ಬಂದದ್ದಕ್ಕಿಂತ ಅಲ್ಲೇ ನಿಂತದ್ದು ಹೆಚ್ಚು. ಎರಡು ಸಲ ನಳಿಕೆಗೆ ಸೋಂಕು ತಗುಲಿ ಉಂಡೆ ವಾರಗಟ್ಟಲೆ ಆಸ್ಪತ್ರೆಯಲ್ಲೇ ಉಳಿದಳು. ಶಾಲೆಯ ಮುಖ ನೋಡಲಿಲ್ಲ. ಮತ್ತೆ ಶಾಲೆ ಶುರುವಾಗುವ ವಾರ ಬಂತು. ಮಗಳು ಇಬ್ಬರನ್ನೂ ಕರೆದುಕೊಂಡು ಶೆಡ್ಡಿಗೆ ಬಂದಳು.

ದೊಡ್ಡವಳು ಸ್ಟೂಲು ಹತ್ತಿದಳು. ಒಂದೂವರೆ ಬೆರಳು ಬೆಳೆದಿದ್ದಳು. “ಸಾಕು, ಇಳಿ. ನಿನ್ನನ್ನ ಹೀಗೇ ಬಿಟ್ಟರೆ ಷಟರ್ ಎತ್ತಿಸಬೇಕಾಗುತ್ತೆ” ಎಂದಳು ಅಜ್ಜಿ. ಆಮೇಲೆ ನೀಲಿ ಫ್ರಾಕು ತೊಟ್ಟಿದ್ದ ಉಂಡೆಯನ್ನು ಎತ್ತಿ ನಿಲ್ಲಿಸಿದಳು. ಅವಳ ಭಾರ ಡ್ರಾಯರಿನಷ್ಟೂ ಇರಲಿಲ್ಲ. ಕತ್ತಿನಿಂದ ಮಂಡಿಗೆ ಟೇಪು ಹಿಡಿದಳು. ಹಿಂದಿನ ವರ್ಷದ ಅಳತೆಯೇ. ಕೂದಲೆಳೆಯಷ್ಟೂ ಹೆಚ್ಚಿಲ್ಲ. ಅಜ್ಜಿ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡಳು.

“ಒಂದು ಬೆರಳು ಬಿಡಮ್ಮ” ಎಂದಳು ಮಗಳು. ಅವಳ ಕಣ್ಣು ಟೇಪು ಹೋದ ಜೇಬಿನ ಮೇಲೇ ಇತ್ತು. ಅಂಕಿಯನ್ನು ಅವಳೂ ನೋಡಿದ್ದಳು.

“ಬಿಡ್ತೀನಿ.”

“ಆದ್ರೆ ನಾನು ಬೆಳೆದಿಲ್ಲ” ಎಂದಳು ಉಂಡೆ. ಅವಳ ದನಿಯಲ್ಲಿ ದುಃಖವೇನೂ ಇರಲಿಲ್ಲ, ಲೆಕ್ಕ ತಪ್ಪಿದ ದೊಡ್ಡವರನ್ನು ತಿದ್ದುವ ದನಿ ಅಷ್ಟೆ.

“ಫ್ರಾಕು ಮುಂದೆ ಹೋಗ್ಲಿ. ನೀನು ಹಿಂದಿನಿಂದ ನಿಧಾನಕ್ಕೆ ಬಾ.”

ಉಂಡೆ ಸ್ಟೂಲಿನ ಮೇಲೆ ನಿಂತೇ ಯೋಚಿಸಿದಳು. “ಹಾಗಾದ್ರೆ ನಾಲ್ಕೂ ಬೆರಳು ಈಗಲೇ ಬಿಡು. ಪಾದದವರೆಗೆ ಬರುತ್ತಾ ನೋಡೋಣ. ಆಮೇಲೆ ಯಾರಿಗೆ ಗೊತ್ತು!”

ಮಗಳು ಥಟ್ಟನೆ ಗೋಡೆಯ ಕಡೆಗೆ ತಿರುಗಿ, ಅಲ್ಲಿ ನೇತುಹಾಕಿದ್ದ ಉಳಿಗಳನ್ನು ನೋಡುತ್ತಾ ನಿಂತಳು. ದೊಡ್ಡವಳು ತಂಗಿಯ ಕಾಲು ಹಿಡಿದುಕೊಂಡಳು, ಬೀಳದಿರಲಿ ಎನ್ನುವ ಹಾಗೆ. ಅಜ್ಜಿ ಸೂಜಿಗೆ ದಾರ ಪೋಣಿಸಲು ಹೋದಳು. ಮೊದಲ ಸಲ ತಪ್ಪಿತು. ಎರಡನೆಯ ಸಲವೂ.

“ಕೊಡಲ್ಲ” ಎಂದಳು.

“ಯಾಕೆ?”

“ನನ್ನಿಷ್ಟ. ವರ್ಷಕ್ಕೆ ಒಂದೇ ಬೆರಳು. ನಿಮ್ಮಮ್ಮ ಎಷ್ಟು ಅತ್ತರೂ ಅವಳಿಗೂ ಹೆಚ್ಚು ಕೊಟ್ಟಿಲ್ಲ, ಕೇಳು ಬೇಕಾದ್ರೆ.”

“ಜಿಪುಣಿ ಅಜ್ಜಿ.”

“ಹೌದು, ಮಹಾ ಜಿಪುಣಿ. ಇನ್ನು ಮೂರು ಬೆರಳು ನನ್ನ ಹತ್ತಿರ ಬಾಕಿ ಇದೆ. ಬೆಳೆದು ಬಂದು ಜಗಳ ಆಡಿ ತಗೋ.”

ಉಂಡೆ ಮುಖ ಊದಿಸಿದಳು. ಒಂದು ಕ್ಷಣ ಹಳೆಯ ಹೆಸರಿಗೆ ತಕ್ಕ ಗುಂಡಗಿನ ಮುಖ ಬಂತು. ಅಜ್ಜಿ ಬಾಗಿ ಒಂದು ಬೆರಳು ಮಡಿಕೆ ಬಿಚ್ಚಿದಳು. ಬಿಸಿಲು ಕಾಣದೆ ಉಳಿದಿದ್ದ ಪಟ್ಟಿ ಕೆಳಗಿಳಿಯಿತು, ಉಳಿದ ಬಟ್ಟೆಗಿಂತ ಒಂದು ಬಣ್ಣ ಹೆಚ್ಚು ನೀಲಿಯಾಗಿ. ಅದರ ಮೇಲೆ ಹೋಗದ ಅಂಟಿನ ಸಣ್ಣ ಕಲೆಯೊಂದಿತ್ತು. ಅಂಚು ಮಂಡಿ ದಾಟಿತು. ಮಿಕ್ಕ ಮೂರು ಬೆರಳನ್ನು ಒಳಗೆ ಮಡಚಿ, ಒತ್ತೊತ್ತಾಗಿ, ಯಾರೂ ಸುಲಭಕ್ಕೆ ಬಿಚ್ಚಲಾಗದ ಹಾಗೆ ಹೊಲಿದು, ಅಜ್ಜಿ ದಾರವನ್ನು ಹಲ್ಲಿಲ್ಲದ ಬಾಯಿಗೆ ಒಯ್ದು, ನೆನಪಾಗಿ, ಕತ್ತರಿ ಕೇಳಿದಳು.

ಮಗಳು ಗೋಡೆಯಿಂದ ತಿರುಗಿ ಬಂದು ಕತ್ತರಿ ಕೊಟ್ಟಳು. ಅಲ್ಲೇ ಕೂತು ಅಂಚನ್ನು ಮಗುಚಿ ಮೂರು ಬೆರಳು ಇಟ್ಟು ನೋಡಿದಳು. ಮತ್ತೆ ಇಟ್ಟು ನೋಡಿದಳು.